ಎಂ1ಟಿಆರ್ ಮಿಲ್ಲಿಂಗ್: ಪಂಪ್ ಎಳೆದರೂ ಸ್ಯಾಡಲ್‌ನ ಎಡಗಡೆಗೆ ಎಣ್ಣೆ ಬರ್ತಿಲ್ಲ

ಪ್ರಶ್ನೆ (ಶಿವಮೊಗ್ಗ ಜಾಬ್‌ವರ್ಕ್)

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಶಾಪ್. ಅಡಿಕೆ ಸುಲಿಯುವ ಮಷಿನ್‌ಗಳ ಬಿಡಿಭಾಗ, ಕೀ-ವೇ, ಪಂಪ್ ಶಾಫ್ಟ್ ಕೆಲಸ ಜಾಸ್ತಿ. ಈ ವರ್ಷ ಸೆಕೆಂಡ್ ಹ್ಯಾಂಡ್ ಎಂ1ಟಿಆರ್ (ಟರೆಟ್ ಮಿಲ್ಲಿಂಗ್ ಮಷಿನ್) ತಂದೆವು. ಸ್ಪಿಂಡಲ್ ಚೆನ್ನಾಗಿದೆ, ಶಬ್ದ ಇಲ್ಲ. ತೊಂದರೆ ಇರುವುದು ವೈ ಕಡೆ, ಅಂದರೆ ಟೇಬಲ್ ಹೊತ್ತ ಸ್ಯಾಡಲ್ ಹಿಂದೆ ಮುಂದೆ ಓಡುವ ಕಡೆ. ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿದರೆ ಸ್ಯಾಡಲ್ ಕಚ್ಚಿ ಕಚ್ಚಿ ಹೋಗುತ್ತದೆ. ಡಯಲ್ ಗೇಜ್ ಇಟ್ಟು ನೋಡಿದೆ. ಮುಳ್ಳು ಸ್ವಲ್ಪ ಹೊತ್ತು ಅಲ್ಲಾಡುವುದೇ ಇಲ್ಲ, ಆಮೇಲೆ ಒಂದೇ ಸಲ ಐದಾರು ಗೆರೆ ಜಿಗಿಯುತ್ತದೆ.

ಬಲಗಡೆ ಸ್ಲೈಡ್ (ಸ್ಯಾಡಲ್ ಜಾರುವ ಹಳಿ) ಮೇಲೆ ಎಣ್ಣೆ ಚೆನ್ನಾಗಿದೆ. ಎಡಗಡೆ ಒಣಗಿದೆ, ಬೆರಳಲ್ಲಿ ಒರೆಸಿದರೆ ಕಪ್ಪು ಪುಡಿ ಬರುತ್ತದೆ. ಸ್ಲೈಡ್‌ಗಳಿಗೆ ಎಣ್ಣೆ ಕಳಿಸುವ ಹ್ಯಾಂಡ್ ಪಂಪ್ ಟ್ಯಾಂಕ್‌ನಲ್ಲಿ ಎಣ್ಣೆ ಇದೆ. ಹಿಡಿ ಎಳೆದು ಬಿಟ್ಟರೆ ತಕ್ಷಣ ಒಳಗೆ ಹೋಗುತ್ತದೆ. ಹಿಂದಿನವರು ಗಾಡಿಗೆ ಹಾಕುವ 20ಡಬ್ಲ್ಯೂ40 ಎಂಜಿನ್ ಆಯಿಲ್ ಹಾಕುತ್ತಿದ್ದರಂತೆ. ಯಾವ ಎಣ್ಣೆ ಹಾಕಲಿ? ಎಡಗಡೆ ಗಿಬ್ (ಸ್ಲೈಡ್‌ನ ಸಂದು ಬಿಗಿ ಮಾಡುವ ಪಟ್ಟಿ) ಸಡಿಲ ಮಾಡಿದರೆ ಸರಿ ಹೋಗುತ್ತದಾ?

ಉತ್ತರ (ಹುಬ್ಬಳ್ಳಿ ಟೂಲ್‌ರೂಮ್)

ಗಿಬ್ ಮುಟ್ಟಬೇಡಿ ಸರ್. ಮೊದಲು ಎಣ್ಣೆ. ಸ್ಲೈಡ್‌ವೇ ಆಯಿಲ್, ವಿಜಿ 68 (ಎಣ್ಣೆಯ ಗಟ್ಟಿತನದ ಗ್ರೇಡ್) ಅಂತ ಕೇಳಿ. ಮೊಬಿಲ್‌ನ ವ್ಯಾಕ್ಟ್ರಾ ನಂಬರ್ 2 ಅಂದರೂ ಅದೇ ಗ್ರೇಡ್. ಹೈಡ್ರಾಲಿಕ್ 68 ಕೊಟ್ಟರೆ ತಗೋಬೇಡಿ. ಗಟ್ಟಿತನ ಒಂದೇ ಇದ್ದರೂ ಅದಕ್ಕೆ ಅಂಟು ಕಡಿಮೆ, ನೆಟ್ಟಗೆ ನಿಂತ ಸ್ಲೈಡ್‌ನಿಂದ ಇಳಿದು ಹೋಗುತ್ತದೆ.

ಉತ್ತರ (ಪೀಣ್ಯ ಮೇಂಟೆನೆನ್ಸ್ ಫಿಟ್ಟರ್)

ಎಣ್ಣೆ ವಿಷಯ ಹುಬ್ಬಳ್ಳಿಯವರು ಸರಿಯಾಗಿ ಹೇಳಿದ್ದಾರೆ. ಎಂಜಿನ್ ಆಯಿಲ್ ಕಸವನ್ನು ತನ್ನೊಳಗೆ ತೇಲಿಸಿ ಇಟ್ಟುಕೊಳ್ಳಲು ಮಾಡಿದ್ದು. ಎಂಜಿನ್‌ನಲ್ಲಿ ಫಿಲ್ಟರ್ ಇದೆ, ಆ ಕಸ ಅಲ್ಲಿ ನಿಲ್ಲುತ್ತದೆ. ಸ್ಲೈಡ್‌ನಲ್ಲಿ ಫಿಲ್ಟರ್ ಎಲ್ಲಿದೆ? ನಿಮ್ಮ ಮುಳ್ಳು ಜಿಗಿಯುತ್ತದೆ ಅಂದಿರಲ್ಲ, ಅದನ್ನು ತಡೆಯುವ ಗುಣವನ್ನೂ ಸ್ಲೈಡ್‌ವೇ ಆಯಿಲ್‌ಗೆ ಬೇರೆಯಾಗಿ ಸೇರಿಸಿರುತ್ತಾರೆ.

ಆದರೆ ನಿಮ್ಮ ಮಷಿನ್‌ನಲ್ಲಿ ಎಣ್ಣೆ ಬದಲಾಯಿಸಿದರೆ ಮಾತ್ರ ಸಾಲದು. ಆ ಹಿಡಿ ತಕ್ಷಣ ಒಳಗೆ ಹೋಗುತ್ತದೆ ಅಂದಿರಿ ನೋಡಿ, ರೋಗ ಅಲ್ಲೇ ಇದೆ. ಹಿಡಿ ಎಳೆದಾಗ ಒಳಗಿನ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಬಿಟ್ಟಾಗ ಆ ಸ್ಪ್ರಿಂಗೇ ಎಣ್ಣೆಯನ್ನು ತಳ್ಳುವುದು. ಎಣ್ಣೆ ಬೀಳುವ ಪ್ರತಿ ಪಾಯಿಂಟ್‌ನಲ್ಲಿ ಅಳತೆಯಲ್ಲಿ ಎಣ್ಣೆ ಬಿಡುವ ಒಂದು ಮೀಟರಿಂಗ್ ಯೂನಿಟ್ ಇರುತ್ತದೆ, ಅದರ ರಂಧ್ರ ಬಹಳ ಸಣ್ಣದು. ಹಾಗಾಗಿ ಹಿಡಿ ತುಂಬಾ ನಿಧಾನವಾಗಿ ಒಳಗೆ ಹೋಗಬೇಕು, ಒಂದೆರಡು ನಿಮಿಷ ಹಿಡಿದರೂ ಆಶ್ಚರ್ಯ ಇಲ್ಲ. ಒಳಗೆ ಹೋಗದೇ ನಿಂತರೆ ಎಲ್ಲೋ ಕಟ್ಟಿಕೊಂಡಿದೆ. ಟಪ್ ಅಂತ ಹೋದರೆ ಒಂದೋ ಪಂಪ್ ಗಾಳಿ ಎಳೆಯುತ್ತಿದೆ, ಇಲ್ಲಾ ಲೈನ್ ಎಲ್ಲೋ ಬಾಯಿ ಬಿಟ್ಟಿದೆ.

ಎಡಗಡೆ ಒಣಗಿದೆ ಅಂತ ಎಡಗಡೆಯೇ ಹುಡುಕಬೇಡಿ. ನನಗೆ ಅನುಮಾನ ಬಲಗಡೆ ಮೇಲೆ. ಅಲ್ಲಿ ಎಣ್ಣೆ ಚೆನ್ನಾಗಿರುವುದು ಪೈಪ್ ತೆರೆದುಕೊಂಡು ಅಲ್ಲೇ ಸುರಿಯುತ್ತಿರುವುದರಿಂದ ಇರಬಹುದು. ಎಣ್ಣೆ ದಾರಿ ಸುಲಭ ಇದ್ದ ಕಡೆ ಹೋಗುತ್ತದೆ, ಉಳಿದ ಪಾಯಿಂಟ್‌ಗಳಿಗೆ ತಳ್ಳುವ ಪ್ರೆಷರ್ರೇ ಇರುವುದಿಲ್ಲ.

ಹೀಗೆ ಮಾಡಿ. ಪಂಪ್‌ನಿಂದ ಹೊರಡುವ ಮೊದಲ ಯೂನಿಯನ್ (ಪೈಪ್ ಜೋಡಣೆ) ಬಿಚ್ಚಿ, ಬೆರಳಿಟ್ಟು ಮುಚ್ಚಿ, ಹಿಡಿ ಎಳೆದು ಬಿಡಿ. ಬೆರಳನ್ನು ತಳ್ಳಿದರೆ ಪಂಪ್ ಸರಿ ಇದೆ. ಆಮೇಲೆ ಸ್ಯಾಡಲ್ ಜೊತೆ ಓಡಾಡುವ ಹೋಸ್, ಅದಾದ ಮೇಲೆ ಮ್ಯಾನಿಫೋಲ್ಡ್‌ನ (ಎಣ್ಣೆ ಲೈನ್ ಕವಲೊಡೆಯುವ ಬ್ಲಾಕ್) ಒಂದೊಂದೇ ಪೈಪ್ ನೋಡಿ. ಟಾರ್ಚ್ ಮತ್ತು ಸಣ್ಣ ಕನ್ನಡಿ ಬೇಕು, ಕೈ ಹೋಗದ ಜಾಗ ಅದು.

ಯೂನಿಟ್ ಕಟ್ಟಿಕೊಂಡಿದ್ದರೆ ದಯವಿಟ್ಟು ಡ್ರಿಲ್ ಹಾಕಿ ರಂಧ್ರ ದೊಡ್ಡದು ಮಾಡಬೇಡಿ. ಮೇಲೆ ಗುರುತು ಇರುತ್ತದೆ, ಅದೇ ಗುರುತಿನದು ತಂದು ಹಾಕಿ. ಗ್ರೀಸ್ ಗನ್ ಅಂತೂ ಈ ಲೈನ್ ಹತ್ತಿರ ಬರಲೇಬಾರದು.

ಶಿವಮೊಗ್ಗ ಜಾಬ್‌ವರ್ಕ್

ಅಣ್ಣ, ನೀವು ಹೇಳಿದ ಹಾಗೇ ಆಯ್ತು! ಪಂಪ್ ಸರಿ ಇದೆ. ಬಲಗಡೆ ಸ್ಯಾಡಲ್ ಕೆಳಗೆ ಯಾರೋ ಮೀಟರಿಂಗ್ ಯೂನಿಟ್ ತೆಗೆದು ಪೈಪನ್ನು ನೇರ ಜೋಡಿಸಿದ್ದಾರೆ. ಯೂನಿಟ್‌ಗೆ ಬೆಂಗಳೂರಿಗೆ ಹೇಳಿದ್ದೇನೆ. ಅಲ್ಲಿಯವರೆಗೆ ಮಷಿನ್ ಓಡಿಸಬಹುದಾ? ಬೀಡಿನ (ಕಾಸ್ಟ್ ಐರನ್) ಕೆಲಸ ಒಂದಿಷ್ಟು ಬಾಕಿ ಇದೆ.

ಉತ್ತರ (ಪೀಣ್ಯ ಮೇಂಟೆನೆನ್ಸ್ ಫಿಟ್ಟರ್)

ಬಹಳ ಸಂತೋಷ. ಓಡಿಸಿ, ಆದರೆ ಆ ಬಲಗಡೆ ಪೈಪನ್ನು ಮ್ಯಾನಿಫೋಲ್ಡ್‌ನಲ್ಲೇ ಪ್ಲಗ್ ಹಾಕಿ ಮುಚ್ಚಿ. ಆಗ ಉಳಿದ ಪಾಯಿಂಟ್‌ಗಳಿಗೆ ಎಣ್ಣೆ ಹೋಗಲು ಶುರುವಾಗುತ್ತದೆ. ಬಲಗಡೆ ಸ್ಲೈಡ್‌ಗೆ ಬೆಳಿಗ್ಗೆ, ಮಧ್ಯಾಹ್ನ ಆಯಿಲ್ ಕ್ಯಾನ್‌ನಿಂದ ಕೈಯಾರೆ ಹಾಕಿ. ಅದಕ್ಕೆ ಮುಂಚೆ ಸ್ಯಾಡಲ್ ಪೂರ್ತಿ ಹಿಂದಕ್ಕೆ, ಪೂರ್ತಿ ಮುಂದಕ್ಕೆ ಓಡಿಸಿ, ಎಡಗಡೆಯ ಕಪ್ಪು ಪುಡಿಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಹಳೇ ಎಣ್ಣೆ ಟ್ಯಾಂಕ್‌ನಿಂದ ಖಾಲಿ ಮಾಡಿ, ತಳದ ಜಾಲರಿ ತೊಳೆಯಿರಿ.

ಬೀಡು ಕೊರೆಯುವಾಗ ಏರ್ ಗನ್ ಬೇಡ. ಆ ಪುಡಿ ಎಣ್ಣೆ ಜೊತೆ ಸೇರಿ ಸ್ಲೈಡನ್ನು ಉಜ್ಜಿ ಉಜ್ಜಿ ತಿನ್ನುತ್ತದೆ. ಬ್ರಷ್ ಅಥವಾ ವ್ಯಾಕ್ಯೂಮ್ ಸಾಕು. ಸ್ಯಾಡಲ್ ತುದಿಯಲ್ಲಿ ಸ್ಲೈಡ್ ಒರೆಸುವ ಫೆಲ್ಟ್ ವೈಪರ್ ಗಟ್ಟಿಯಾಗಿದ್ದರೆ ಅದನ್ನೂ ಬದಲಾಯಿಸಿಬಿಡಿ.

ಗಿಬ್ ವಿಷಯ ಆಮೇಲೆ. ಹೊಸ ಯೂನಿಟ್ ಬಂದು, ಒಳ್ಳೇ ಎಣ್ಣೆಯಲ್ಲಿ ಒಂದು ವಾರ ಓಡಲಿ. ಆಗ ಡಯಲ್ ಇಟ್ಟು ಅಳತೆ ಇಲ್ಲಿ ಹಾಕಿ, ನೋಡೋಣ.