ಮಗಳು ಟೆಕ್ಸ್‌ಟೈಲ್ ಡಿಸೈನ್ ಓದ್ತೀನಿ ಅಂತ ಕೂತಿದ್ದಾಳೆ

ಹದಿಹರೆಯದ ಅಮ್ಮ: ಎಲ್ಲರಿಗೂ ನಮಸ್ಕಾರ. ಮಗಳಿಗೆ 17. ಗಣಿತದಲ್ಲಿ ಚೆನ್ನಾಗಿದ್ದಾಳೆ. ಇದ್ದಕ್ಕಿದ್ದಂತೆ ಯೂನಿವರ್ಸಿಟಿಯಲ್ಲಿ ಟೆಕ್ಸ್‌ಟೈಲ್ ಆರ್ಟ್ ಮತ್ತು ಡಿಸೈನ್ ಓದ್ತೀನಿ ಅಂತಿದ್ದಾಳೆ. ಅಷ್ಟು ವರ್ಷ ಅದರಲ್ಲಿ ಏನು ಕಲಿಸುತ್ತಾರೆ? ಅರ್ಜಿ ಜೊತೆ ತೋರಿಸೋ ಪೋರ್ಟ್‌ಫೋಲಿಯೋಗೆ (ಅವಳ ಕೆಲಸಗಳ ಸಂಗ್ರಹ) ಸ್ಕೆಚ್‌ಬುಕ್‌ನ ಒರಟು ಪುಟಗಳನ್ನೂ ಹಾಕಬೇಕಾ, ಚೆಂದದ ಕೆಲಸ ಮಾತ್ರಾನಾ? ಅವಳ ಅಪ್ಪ ಎರಡು ವಾರದಿಂದ ಸರಿಯಾಗಿ ಮಾತಾಡ್ತಿಲ್ಲ.

ಹಳೇ ಸದಸ್ಯ: ಮೊದಲು ಕಂಪ್ಯೂಟರ್ ಸೈನ್ಸ್, ಆಮೇಲೆ ಹವ್ಯಾಸ. ಈ ಗುಂಪಿನಲ್ಲಿ ಪ್ರತಿ ವರ್ಷ ಹೇಳ್ತೀನಿ, ಯಾರೂ ಕೇಳೋದಿಲ್ಲ.

ನೂಲು ಬಣ್ಣ: ನಾನು ಓದಿದ್ದು ಇದನ್ನೇ. ಸಾಮಾನ್ಯವಾಗಿ ಮೊದಲ ವರ್ಷ ನೇಯ್ಗೆ, ಹೆಣಿಗೆ, ಪ್ರಿಂಟ್, ಕಸೂತಿ ಎಲ್ಲದರಲ್ಲೂ ಕೈ ಆಡಿಸುತ್ತಾರೆ. ಆಮೇಲೆ ಒಂದನ್ನು ಆರಿಸಿಕೊಳ್ಳುತ್ತೀರಿ. ನಾನು ನೇಯ್ಗೆ ತಗೊಂಡೆ. ಮಗ್ಗಕ್ಕೆ ಹಾಸು, ಅಂದರೆ ಉದ್ದದ ಎಳೆಗಳನ್ನು ಹೂಡೋಕೆ ಎರಡು ದಿನ, ನೇಯೋಕೆ ಒಂದು ಮಧ್ಯಾಹ್ನ! ಒಂದು ಎಳೆ ತಪ್ಪಿದರೂ ಬಟ್ಟೆ ಉದ್ದಕ್ಕೂ ಕಾಣುತ್ತೆ. ಗಣಿತ ಬರೋರಿಗೆ ಇದು ಹಬ್ಬ, ನೇಯ್ಗೆಯ ನಕ್ಷೆ ಅಂದರೆ ಚೌಕುಳಿ ಹಾಳೆಯ ಲೆಕ್ಕವೇ. ಪ್ರಿಂಟ್‌ನವರಿಗೆ ರಿಪೀಟ್ (ಬಟ್ಟೆ ತುಂಬ ಮತ್ತೆ ಮತ್ತೆ ಬರೋ ಚಿತ್ರ) ಕೂರಿಸೋ ತಲೆನೋವು. ಚಿತ್ರ ಅಂಚಿನಲ್ಲಿ ತುಂಡಾಗಬಾರದು, ಪಕ್ಕದ ಸಾಲನ್ನು ಅರ್ಧ ಕೆಳಗಿಳಿಸಿದರೆ ಗೆರೆ ಕಣ್ಣಿಗೆ ಹೊಡೆಯೋದಿಲ್ಲ.

ಒರಟು ಪುಟಗಳನ್ನು ಹಾಕಲೇಬೇಕು. ಯೋಚನೆ ಎಲ್ಲಿಂದ ಹೊರಟು ಎಲ್ಲಿಗೆ ಬಂತು ಅನ್ನೋದನ್ನೇ ನೋಡೋದು. ಕೆಟ್ಟುಹೋದ ಸ್ಯಾಂಪಲ್, ಬಣ್ಣದ ಪ್ರಯೋಗ, ಎಲ್ಲಾ ಇರಲಿ. ಕೋರ್ಸಿನ ಹೆಸರನ್ನೂ ಸರಿಯಾಗಿ ಓದಿ. ಟೆಕ್ಸ್‌ಟೈಲ್ ಟೆಕ್ನಾಲಜಿ ಬೇರೆ, ಅದರಲ್ಲಿ ನಾರು, ರಸಾಯನ, ಯಂತ್ರ ಜಾಸ್ತಿ. ಫ್ಯಾಷನ್ ಡಿಸೈನ್ ಉಡುಪಿನದು.

ಖಡಕ್ ಮಾತು: ಯಾರೂ ಹೇಳದ್ದನ್ನು ನಾನು ಹೇಳ್ತೀನಿ. ನಾವು ಊರು ಬಿಟ್ಟು, ಅಪ್ಪ ಅಮ್ಮನ್ನ ಬಿಟ್ಟು ಬಂದಿದ್ದು ಮಕ್ಕಳು ದಾರ ಹಿಡಿದು ಕೂರಲಿ ಅಂತಲ್ಲ. ಅವಳಿಗೆ 25 ಆದಾಗ ಬಾಡಿಗೆ ಯಾರು ಕಟ್ಟೋದು? ಇಲ್ಲಿ ಹುಟ್ಟಿದ ಮಕ್ಕಳಿಗೆ ಕಷ್ಟ ಗೊತ್ತಿಲ್ಲ, ಗೊತ್ತಾಗದ ಹಾಗೆ ಬೆಳೆಸಿದ್ದೂ ನಾವೇ. "ಅವಳ ಇಷ್ಟ" ಅಂತ ಹಾರ್ಟ್ ಹಾಕೋರು ನಿಮ್ಮ ಮಗನ್ನ ಕಳಿಸ್ತೀರಾ? ಸುಮ್ನೆ ಉಪದೇಶ ಬೇಡ.

ಮೂರನೇ ಮಹಡಿ: +1

ಅಮ್ಮಮ್ಮ ಆಗಿದ್ದೇನೆ: ಸರಿಯಾಗಿ ಹೇಳಿದ್ರಿ.

ಗೀಚುವವನು: ನನಗೂ ಚಿತ್ರ ಬರುತ್ತಿತ್ತು. ಅಪ್ಪ ಬಣ್ಣದ ಡಬ್ಬಿ ಅಟ್ಟಕ್ಕೆ ಹಾಕಿದರು. ಈಗ ಸಂಬಳ ಚೆನ್ನಾಗಿದೆ. ಮೀಟಿಂಗಿನಲ್ಲಿ ಕೂತು ನೋಟ್‌ಬುಕ್ ಅಂಚಿನಲ್ಲಿ ಬಳ್ಳಿ ಬರೆಯುತ್ತೇನೆ.

ನಿವೃತ್ತ ಇಂಜಿನಿಯರ್: ಕಂಪ್ಯೂಟರ್ ಸೈನ್ಸ್ ಅಂದವರಿಗೆ ಒಂದು ಮಾತು. ಮೊದಲು ಬಂದಿದ್ದು ಮಗ್ಗ. ಫ್ರಾನ್ಸಿನ ಜಕಾರ್ 1804ರ ಹೊತ್ತಿಗೆ ರಂಧ್ರದ ಕಾರ್ಡ್‌ಗಳಿಂದ ಮಗ್ಗ ನಡೆಸಿದ. ಇಂಗ್ಲೆಂಡಿನ ಗಣಿತಜ್ಞ ಬ್ಯಾಬೇಜ್ ಕಂಪ್ಯೂಟರಿನ ಪೂರ್ವಜ ಅನ್ನಬಹುದಾದ ತನ್ನ ಅನಾಲಿಟಿಕಲ್ ಎಂಜಿನ್‌ಗೆ ಕಾರ್ಡಿನ ಉಪಾಯ ತಗೊಂಡಿದ್ದು ಅಲ್ಲಿಂದಲೇ.

ಹಳೇ ಸದಸ್ಯ: ಅಲ್ವಾ, ನಾನು ಹೇಳಿದ್ದೂ ಅದೇ. ಕಂಪ್ಯೂಟರ್ ಓದಲಿ.

ನೂಲು ಬಣ್ಣ: ನೇಯ್ಗೆ ಕಲಾವಿದೆ ಆನಿ ಆಲ್ಬರ್ಸ್ 1922ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆ ಸೇರಿದಾಗ ನೇಯ್ಗೆ ಅವರ ಆಯ್ಕೆ ಆಗಿರಲಿಲ್ಲ, ಹೆಂಗಸರನ್ನು ಹೆಚ್ಚಾಗಿ ಆ ಕಡೆಗೇ ತಳ್ಳುತ್ತಿದ್ದರು. 1949ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಅವರೊಬ್ಬರದೇ ಪ್ರದರ್ಶನ ಆಯಿತು. ಕೆಲಸದ ವಿಷಯಕ್ಕೆ ಬಂದರೆ, ಕಾರಿನ ಸೀಟು, ಪರದೆ, ಗೋಡೆ ಕಾಗದ, ಕ್ರೀಡೆಯ ಬೂಟು, ಎಲ್ಲದರ ಬಟ್ಟೆಯನ್ನೂ ಯಾರೋ ಕೂತು ಡಿಸೈನ್ ಮಾಡಿರುತ್ತಾರೆ. ಸಂಬಳ ಸಾಫ್ಟ್‌ವೇರ್‌ನಷ್ಟು ಇರೋದಿಲ್ಲ, ಸುಳ್ಳು ಹೇಳಲ್ಲ. ಓದುವಾಗಲೇ ಇಂಟರ್ನ್‌ಶಿಪ್ ಇರುವ ಕೋರ್ಸ್ ಹುಡುಕಿ.

ಖಡಕ್ ಮಾತು: ನೋಡಿ, ಅವರೇ ಒಪ್ಪಿಕೊಂಡರು.

ಅಮ್ಮಮ್ಮ ಆಗಿದ್ದೇನೆ: ನನ್ನ ಮೊಮ್ಮಗಳು ಡಾಕ್ಟರ್ ಓದುತ್ತಿದ್ದಾಳೆ. ಹೊಲಿಗೆ ಅವಳೂ ಹಾಕ್ತಾಳೆ 😄

ಹದಿಹರೆಯದ ಅಮ್ಮ: ಕೆಲಸಕ್ಕೆ ಹೋಗಿದ್ದೆ, ಈಗ ನೋಡ್ತಿದ್ದೇನೆ, 140 ಮೆಸೇಜ್! ಮಧ್ಯದಲ್ಲಿ ಯಾರೋ ಸ್ಕೆಚ್‌ಬುಕ್ ಬಗ್ಗೆ ಬರೆದ ಹಾಗಿತ್ತು. ಎಷ್ಟು ಮೇಲೆ ಹೋದರೂ ಸಿಗ್ತಿಲ್ಲ. ಇನ್ನೊಂದು ಸಲ ಹಾಕ್ತೀರಾ ದಯವಿಟ್ಟು?

ಖಡಕ್ ಮಾತು: ಅದಿರಲಿ ಬಿಡಿ. ಗಣಿತದಲ್ಲಿ ಎಷ್ಟು ಬಂದಿದೆ ಅವಳಿಗೆ?