ಅಪ್‌ಡೇಟ್: ಹಳೇ ಟ್ರ್ಯಾಕ್ಟರ್‌ಗೆ ಪಿಟಿಒ ಕೂರಿಸಿದ್ದಾಯ್ತು

ಅಪ್ಪನ ಕಾಲದ ಟ್ರ್ಯಾಕ್ಟರ್‌ಗೆ ಪಿಟಿಒ (ಎಂಜಿನ್ ಶಕ್ತಿಯಿಂದ ಬೇರೆ ಯಂತ್ರ ಓಡಿಸೋಕೆ ಹಿಂದೆ ಇರುವ ತಿರುಗುವ ಶಾಫ್ಟ್) ಹಾಕಿಸಬಹುದಾ, ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವ ಪಂಪ್ ಓಡಿಸಬೇಕು ಅಂತ ಕೇಳಿದ್ದೆನಲ್ಲ, ತೀರ್ಥಹಳ್ಳಿ ಕಡೆಯವನು. ಹಾಕಿಸಿದೆ.

ಶಿವಮೊಗ್ಗದ ಮೆಕ್ಯಾನಿಕ್ ಹಿಂದಿನ ಪ್ಲೇಟ್ ಬಿಚ್ಚಿ ನೋಡಿ, "ಒಳಗೆ ಜಾಗ ಇದೆ ಮಾರಾಯ್ರೆ, ಕಂಪನಿ ಸಾಮಾನೇ ಕೂರುತ್ತೆ" ಅಂದ್ರು. ಅದೇ ಮಾಡೆಲ್‌ನ ಗುಜರಿ ಗಾಡಿಯಿಂದ ಶಾಫ್ಟ್, ಗೇರು, ಲಿವರ್ ಸಿಕ್ಕಿತು. ಬೇರಿಂಗ್, ಆಯಿಲ್ ಸೀಲ್ ಮಾತ್ರ ಹೊಸದು. ಶಾಫ್ಟ್ ತುದಿ ಆರು ಹಲ್ಲಿನದು, 35 ಮಿ.ಮೀ. ದಪ್ಪ. 540 ಆರ್‌ಪಿಎಂ ಪಂಪ್‌ಗೆ ಸರಿಯಾಗಿ ಕೂತಿತು.

ಇದು ಗೇರ್‌ಬಾಕ್ಸ್‌ನಿಂದ ತಿರುಗುವ ಪಿಟಿಒ. ಕ್ಲಚ್ ಒತ್ತಿದ್ರೆ ಪಂಪೂ ನಿಲ್ಲುತ್ತೆ. ಗಾಡಿ ನಿಲ್ಲಿಸಿಕೊಂಡು ಹೊಡೆಯುವ ನಮಗೆ ಅದೇನೂ ತೊಂದರೆ ಅಲ್ಲ ಬಿಡಿ. ಆದರೆ ಹುಲ್ಲು ಕತ್ತರಿಸುವ ಭಾರದ ಯಂತ್ರ ಹಾಕಿದ್ರೆ ಕಥೆ ಬೇರೆ. ಕ್ಲಚ್ ಒತ್ತಿದ ಮೇಲೂ ಬ್ಲೇಡ್ ತಿರುಗುವ ರಭಸ ಹಿಂದಿನಿಂದ ಗೇರ್‌ಬಾಕ್ಸ್ ತಿರುಗಿಸಿ ಗಾಡಿಯನ್ನೇ ಮುಂದಕ್ಕೆ ನೂಕುತ್ತೆ. ನಮ್ಮ ಇಳಿಜಾರಿನಲ್ಲಿ ಅದು ಬೇಡವೇ ಬೇಡ, ಅಲ್ವಾ? ಅದಕ್ಕೇ ಯಂತ್ರದ ರಭಸ ವಾಪಸ್ ಗೇರ್‌ಬಾಕ್ಸ್‌ಗೆ ಬರದಂತೆ ತಡೆಯುವ ಓವರ್‌ರನ್ನಿಂಗ್ ಕ್ಲಚ್ ಈಗಲೇ ತಂದಿಟ್ಟಿದ್ದೇನೆ.

ಶಾಫ್ಟ್‌ಗೆ ಗಾರ್ಡ್ ಹಾಕಿ ಅಂತ ಒತ್ತಿ ಹೇಳಿದವರಿಗೆ: ಹಾಕಿದ್ದೇನೆ. ಪಂಚೆ ಉಟ್ಟವರನ್ನು ಹತ್ತಿರ ಬಿಡ್ತಿಲ್ಲ, ಅಪ್ಪನನ್ನೂ. ಮಳೆ ಜಾಸ್ತಿ ಆಗೋದರೊಳಗೆ ಮೊದಲ ಔಷಧಿ ಹೊಡೆದು ಮುಗಿಯಿತು.