ಸಹಾಯ ಬೇಕು: 1969ರ ಗಾಂಧಿ ಬೆಳ್ಳಿ ನಾಣ್ಯ, ವಿಭೂತಿಯಿಂದ ಉಜ್ಜಿದ್ದು

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯ ನವನಗರದವನು. ಹಳೆಯ ಮನೆ ಆಲಮಟ್ಟಿಯ ಹಿನ್ನೀರಿಗೆ ಮುಳುಗಡೆಯಾದಾಗ ಅಜ್ಜ ಎತ್ತಿಕೊಂಡು ಬಂದ ಪೆಟ್ಟಿಗೆಯಲ್ಲಿ ಗಾಂಧಿ ಜನ್ಮಶತಾಬ್ದಿಯ ಹತ್ತು ರೂಪಾಯಿಯ ಎರಡು ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಎರಡರಲ್ಲೂ ಮುಂಬೈ ಟಂಕಸಾಲೆಯ ಪ್ರೂಫ್ (ಸಂಗ್ರಾಹಕರಿಗಾಗಿ ವಿಶೇಷವಾಗಿ ಅಚ್ಚು ಹಾಕಿದ ನಾಣ್ಯ) ಗುರುತಾದ 'ಬಿ' ಅಕ್ಷರವಿದೆ.

ಒಂದು ಇನ್ನೂ ಕನ್ನಡಿಯಂತಿದೆ. ಗಾಂಧಿಯವರ ಮುಖ ಮಾತ್ರ ಮಂಜು ಕವಿದಂತೆ ಬೆಳ್ಳಗಿದೆ. ಇನ್ನೊಂದನ್ನು ಅವ್ವ ಪ್ರತಿ ದೀಪಾವಳಿಯ ಲಕ್ಷ್ಮೀಪೂಜೆಗೆ ವಿಭೂತಿ ಹಚ್ಚಿ ಉಜ್ಜಿದ್ದಾಳೆ. ಫಳಫಳ ಹೊಳೆಯುತ್ತದೆ ನಿಜ, ಆದರೆ ದೀಪದ ಕೆಳಗೆ ಓರೆಯಾಗಿ ಹಿಡಿದರೆ ಕೂದಲೆಳೆಯಂಥ ಗೀರುಗಳು ತುಂಬಿವೆ. ಅವ್ವನಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ!

ಊರಿನ ಸರಾಫರೊಬ್ಬರು ಎರಡನ್ನೂ ತಕ್ಕಡಿಗೆ ಹಾಕಿ, 15 ಗ್ರಾಂ ತೂಕ, ಶೇ. 80 ಬೆಳ್ಳಿ, ಅಂದರೆ ತಲಾ 12 ಗ್ರಾಂ ಬೆಳ್ಳಿಯ ದರ ಕೊಡುತ್ತೇನೆ ಎಂದರು. ಪ್ರೂಫ್ ಎಂದರೆ ಅವರಿಗೆ ಅರ್ಥವಾಗಲಿಲ್ಲ.

ನಾಣ್ಯದ ಸ್ಥಿತಿಯನ್ನು ಅಳೆಯುವ 70 ಅಂಕಗಳ ಮಾಪನದಲ್ಲಿ ಗೀರುಬಿದ್ದ ನಾಣ್ಯ ಎಷ್ಟಕ್ಕೆ ಇಳಿಯಬಹುದು? ಮೊದಲನೆಯದನ್ನು ಶ್ರೇಣೀಕರಣಕ್ಕೆ (ಪರಿಣತರು ಪರೀಕ್ಷಿಸಿ ಅಂಕ ಕೊಡುವುದಕ್ಕೆ) ಕಳುಹಿಸಿದರೆ ಖರ್ಚು ಗಿಟ್ಟುತ್ತದೆಯೇ? ಅದರ ಅಂಚಿನಲ್ಲಿ ಯಾರದೋ ಬೆರಳಚ್ಚು ಕಪ್ಪಾಗಿ ಉಳಿದಿದೆ, ನಾನಂತೂ ಮುಟ್ಟಿಲ್ಲ. ಬೆಳಗಾವಿ ಅಥವಾ ವಿಜಯಪುರದಲ್ಲಿ ನಂಬಿಕಸ್ಥ ನಾಣ್ಯಸಂಗ್ರಾಹಕರಿದ್ದರೆ ತಿಳಿಸಿ, ತಂದು ತೋರಿಸುತ್ತೇನೆ.